ನೈಸ್ ಅಂದರೆ ಏನು, ಎಲ್ಲಿಂದ ಬಂತು, ಎಲ್ಲಿ ಹೇಳಬೇಕು: ಮುಂಬಯಿ ಕನ್ನಡಿಗರಿಗೆ ಒಂದು ಮಾರ್ಗದರ್ಶಿ

ಒಂದು ಭಾನುವಾರ ನಮ್ಮ ಡೊಂಬಿವಲಿ ಮನೆಯಲ್ಲಿ ನೀರುದೋಸೆ ಅಂತ ನಿಕ್ಕಿಯಾಗಿತ್ತು. ಅತ್ತೆ ಊರಿಂದ ಬಂದಿದ್ದರು. ಮಗಳನ್ನು ಕರೆದು "ಅಕ್ಕಿ ನೈಸಾಗಿ ರುಬ್ಬು" ಎಂದರು. ಅವಳು ಹುಟ್ಟಿ ಬೆಳೆದದ್ದು ಇಲ್ಲೇ, ಓದಿದ್ದು ಇಂಗ್ಲಿಷ್ ಮೀಡಿಯಂ, ಕನ್ನಡ ಏನಿದ್ದರೂ ಮನೆಯೊಳಗೆ. ಅವಳಿಗೆ ಆ ಮಾತು "ಚೆನ್ನಾಗಿ ಕೆಲಸ ಮಾಡು" ಅಂತ ಕೇಳಿಸಿತು. ಮಿಕ್ಸಿ ತೊಳೆದಳು, ನೀರು ಅಳೆದಳು, ಒಂದು ಹನಿಯೂ ಚೆಲ್ಲದ ಹಾಗೆ ರುಬ್ಬಿದಳು. ಹಿಟ್ಟು ಮಾತ್ರ ತರಿತರಿ. ಕಾವಲಿಗೆ ಹೊಯ್ದರೆ ದೋಸೆ ಏಳಲೇ ಇಲ್ಲ. ಅಜ್ಜಿಗೆ ಬೇಸರ, ಮೊಮ್ಮಗಳಿಗೆ ಅದಕ್ಕಿಂತ ಜಾಸ್ತಿ ಬೇಸರ. ಒಬ್ಬರು ಆಡಿದ್ದೂ ಇನ್ನೊಬ್ಬಳು ಕೇಳಿದ್ದೂ ಒಂದೇ ಪದ, ಆದರೆ ಅಜ್ಜಿಯ ನೈಸ್ ಬೇರೆ, ಮೊಮ್ಮಗಳ ನೈಸ್ ಬೇರೆ.

ಊರಿಂದ ಕೆಲಸಕ್ಕೆ ಬಂದ ಹುಡುಗ ಹುಡುಗಿಯರಿಗೆ ನಾನು ಭಾನುವಾರ ಸಂಜೆ ಇಂಗ್ಲಿಷ್ ಮಾತು ಕಲಿಸುತ್ತೇನೆ. ಅವರ ಬಾಯಲ್ಲಿ ಅತಿ ಹೆಚ್ಚು ಬರುವ ಇಂಗ್ಲಿಷ್ ಪದ ನೈಸ್. ಊಟ ನೈಸ್, ಸಿನಿಮಾ ನೈಸ್, ಸಾಹೇಬರು ನೈಸ್, ಲೋಕಲ್ ಟ್ರೇನಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದ್ದೂ ನೈಸ್. ಬಳಸಬೇಡಿ ಅಂತ ನಾನು ಹೇಳುವುದಿಲ್ಲ. ಎಷ್ಟು ಸುಲಭದ, ಎಷ್ಟು ಪ್ರೀತಿಯ ಪದ ಅದು! ಆದರೆ ಯಾವ ನೈಸ್ ಹೇಳುತ್ತಿದ್ದೇವೆ ಅನ್ನುವುದು ಆಡುವವರಿಗೆ ಗೊತ್ತಿರಬೇಕು, ಅಲ್ವಾ? ಅದನ್ನೇ ಇಲ್ಲಿ ಒಂದೊಂದು ಹೆಜ್ಜೆಯಾಗಿ ಬರೆದಿದ್ದೇನೆ.

ಮೊದಲು ನಮ್ಮ ನೈಸನ್ನು ಬೇರೆ ಮಾಡಿ

ಕನ್ನಡದೊಳಗೆ ಬಂದ ನೈಸ್ ಈಗ ನಮ್ಮದೇ ಪದ. ಅದಕ್ಕೆ ಇಲ್ಲಿ ಮೂರು ಕೆಲಸ ಇದೆ. ಹಿಟ್ಟು ನೈಸಾಗಿದೆ ಅಂದರೆ ನುಣ್ಣಗಿದೆ; ಪಾಲಿಶ್ ಮಾಡಿದ ಮರ, ರೇಷ್ಮೆ ಸೀರೆ, ಗಾರೆ ನೆಲ ಎಲ್ಲ ಹೀಗೇ ನೈಸು. ಮದುವೆ ಮನೆಯಿಂದ ನೈಸಾಗಿ ಜಾರಿಕೊಂಡ ಅಂದರೆ ಯಾರಿಗೂ ಗೊತ್ತಾಗದ ಹಾಗೆ ಹೋದ. ಅವನು ಸಾಹೇಬರಿಗೆ ನೈಸ್ ಮಾಡುತ್ತಾನೆ ಅಂದರೆ ಬೆಣ್ಣೆ ಹಚ್ಚುತ್ತಾನೆ. ಈ ಮೂರೂ ಇಂಗ್ಲಿಷಿಗೆ ಹೋಗುವಾಗ ನೈಸ್ ಆಗಿ ಹೋಗುವುದಿಲ್ಲ. ನುಣುಪಿಗೆ ಫೈನ್ ಅಥವಾ ಸ್ಮೂತ್ ಎನ್ನಬೇಕು. ಜಾರಿಕೊಂಡವನು ಕ್ವಯಟ್ಲಿ ಸ್ಲಿಪ್ಡ್ ಔಟ್. ಬೆಣ್ಣೆ ಹಚ್ಚುವವನು ಬಟರಿಂಗ್ ಅಪ್, ಇಂಗ್ಲಿಷಿನಲ್ಲೂ ಅದೇ ಬೆಣ್ಣೆ.

ನನ್ನ ಹತ್ತಿರ ಬರುವ ಒಬ್ಬ ಹುಡುಗ ಅಂಗಡಿಗೆ ಇಂಗ್ಲಿಷಿನಲ್ಲಿ ಮೆಸೇಜ್ ಕಳಿಸಿದ: ನೈಸ್ ರವಾ, ಐದು ಕಿಲೋ. ಅವನಿಗೆ ಬೇಕಾಗಿದ್ದದ್ದು ಚಿರೋಟಿ ರವೆ. ಬಂದದ್ದು ದುಬಾರಿಯ, ಒಳ್ಳೆ ಗುಣಮಟ್ಟದ, ದಪ್ಪ ಉಪ್ಪಿಟ್ಟಿನ ರವೆ. ಅಂಗಡಿಯವರು ಮೆಸೇಜನ್ನು ಸರಿಯಾಗಿಯೇ ಓದಿಕೊಂಡಿದ್ದರು.

ಆದ್ದರಿಂದ ಬಾಯಿಗೆ ನೈಸ್ ಬಂದಾಗ ಆ ಜಾಗದಲ್ಲಿ "ನುಣ್ಣಗೆ" ಇಟ್ಟು ನೋಡಿ. ಸರಿ ಕೂತರೆ ಅದು ಕನ್ನಡದ ನೈಸ್. "ಚೆಂದ" ಅಥವಾ "ಒಳ್ಳೆಯ" ಸರಿ ಕೂತರೆ ಮಾತ್ರ ಇಂಗ್ಲಿಷಿನದು. ಇನ್ನು ಬೆಂಗಳೂರಿನ ನೈಸ್ ರೋಡ್ ಇದೆಯಲ್ಲ, ಅದಕ್ಕೂ ಈ ಪದಕ್ಕೂ ಸಂಬಂಧವಿಲ್ಲ. ಅದನ್ನು ಕಟ್ಟಿದ ಕಂಪನಿಯ ಹೆಸರಿನ ಮೊದಲಕ್ಷರಗಳು ಸೇರಿ ಆ ಹೆಸರಾಗಿದೆ.

ಈ ಪದ ನಮ್ಮಲ್ಲಿ ಇಷ್ಟು ಬೇಗ ಒಗ್ಗಿಕೊಳ್ಳಲು "ನಯ" ಅನ್ನುವ ನಮ್ಮ ಪದವೂ ಕಾರಣ ಇರಬೇಕು ಅಂತ ನನಗೆ ಅನ್ನಿಸುತ್ತದೆ. ನಯವಾದ ಬಟ್ಟೆ, ನಯವಾದ ಮಾತು, ಹಾಗೇ ನಯವಂಚಕ. ನುಣುಪು, ಮರ್ಯಾದೆ, ಸಿಹಿಮಾತಿನ ಮೋಸ ಮೂರನ್ನೂ ನಯ ಮೊದಲೇ ಹೊತ್ತಿತ್ತು. ನೈಸ್ ಬಂದು ಅದರ ಪಕ್ಕ ಕೂತಿತು, ಅಷ್ಟೇ.

ಎರಡನೆಯದು, ಅದರ ಹುಟ್ಟು ತಿಳಿಯಿರಿ

ಇದನ್ನು ಬಿಟ್ಟು ಮುಂದಕ್ಕೆ ಹಾರಬೇಡಿ. ಈ ಕತೆ ಗೊತ್ತಿದ್ದರೆ ಮುಂದಿನ ಅರ್ಥಗಳನ್ನೆಲ್ಲ ಬಾಯಿಪಾಠ ಮಾಡಬೇಕಾಗಿಲ್ಲ.

ಇಂಗ್ಲಿಷಿಗೆ ಬಂದಾಗ ನೈಸ್ ಅಂದರೆ ದಡ್ಡ. ನಿಜಕ್ಕೂ ದಡ್ಡ, ಪೆದ್ದ, ಬುದ್ಧಿಯಿಲ್ಲದವನು. ಮೂಲ ಲ್ಯಾಟಿನ್ ಭಾಷೆಯ ನೆಸ್ಕಿಯುಸ್. "ನೆ" ಅಂದರೆ ಇಲ್ಲ, "ಸ್ಕೀರೆ" ಅಂದರೆ ತಿಳಿಯುವುದು. ಒಟ್ಟಿಗೆ, ತಿಳಿಯದವನು. ನಮ್ಮ ಮಕ್ಕಳು ಶಾಲೆಯಲ್ಲಿ ಓದುವ ಸೈನ್ಸ್ ಬಂದದ್ದೂ ಅದೇ ಸ್ಕೀರೆಯಿಂದ. ಕಾನ್ಷಿಯಸ್, ಕಾನ್ಷೆನ್ಸ್ ಕೂಡ ಅದೇ ಮನೆಯವು. ಅಂದರೆ ಸೈನ್ಸ್ ಮತ್ತು ನೈಸ್ ಒಂದೇ ಬೇರಿನವು; ಒಂದು ತಿಳಿವಳಿಕೆ, ಇನ್ನೊಂದು ಅದು ಇಲ್ಲದಿರುವುದು. ಮೊದಲ ಸಲ ಇದು ತಿಳಿದ ದಿನ ಇಡೀ ಸಂಜೆ ನಾನು ಅದನ್ನೇ ಯೋಚಿಸುತ್ತಿದ್ದೆ.

ಲ್ಯಾಟಿನ್‌ನಿಂದ ಅದು ಹಳೆಯ ಫ್ರೆಂಚಿಗೆ ಬಂತು. ಅಲ್ಲಿ ಅದಕ್ಕೆ ಪೆದ್ದ, ಕೈಲಾಗದವನು ಅನ್ನುವ ಅರ್ಥ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದಗಳು ರಾಶಿ ರಾಶಿಯಾಗಿ ಇಂಗ್ಲಿಷಿಗೆ ಹರಿದವು. ಸುಮಾರು 1300ರ ಹೊತ್ತಿಗೆ ನೈಸ್ ಇಂಗ್ಲಿಷ್ ಬರಹದಲ್ಲಿ ಕಾಣಿಸುತ್ತದೆ. 14ನೇ ಶತಮಾನದ ಕವಿ ಚಾಸರ್ ಕೂಡ ಅದನ್ನು ಪೆದ್ದ ಅನ್ನುವ ಅರ್ಥದಲ್ಲಿ ಬಳಸಿದ್ದಾನೆ.

ಆಮೇಲೆ ಅದು ಮೆಲ್ಲಗೆ ಜಾಗ ಬದಲಿಸಿತು. ಪೆದ್ದು ಅಂದದ್ದು ಸಣ್ಣ ಸಣ್ಣ ವಿಷಯಕ್ಕೆಲ್ಲ ತಕರಾರು ತೆಗೆಯುವವನು ಅಂತಾಯಿತು. ತಕರಾರಿನವನು ಸಣ್ಣದನ್ನೂ ಬಿಡದೆ ನೋಡುತ್ತಾನಲ್ಲ, ಹಾಗಾಗಿ ಸೂಕ್ಷ್ಮ, ನಾಜೂಕು, ಕರಾರುವಾಕ್ಕು ಅನ್ನುವ ಅರ್ಥಗಳೂ ಸೇರಿದವು. ನಾಜೂಕಿನದು ಮನಸ್ಸಿಗೆ ಹಿತ. 18ನೇ ಶತಮಾನದ ಎರಡನೇ ಅರ್ಧದ ಹೊತ್ತಿಗೆ ಹಿತವಾದದ್ದು, ಚೆಂದದ್ದು ಅನ್ನುವ ಇಂದಿನ ಅರ್ಥ ಬಂದಾಗಿತ್ತು. ಒಳ್ಳೆ ಮನಸ್ಸಿನವರು ಅನ್ನುವ ಅರ್ಥ ಬಂದದ್ದು 19ನೇ ಶತಮಾನದಲ್ಲಿ. ಈ ದಾರಿ ನೇರವಾಗಿರಲಿಲ್ಲ. 16, 17ನೇ ಶತಮಾನದ ಬರಹಗಳಲ್ಲಿ ಹಲವು ಅರ್ಥ ಒಟ್ಟೊಟ್ಟಿಗೆ ಓಡಾಡುತ್ತಿದ್ದವು, ಕೆಲವು ಸಾಲಿನಲ್ಲಿ ಯಾವುದು ಅಂತ ನಿಘಂಟು ಮಾಡುವವರಿಗೇ ಬಿಡಿಸಲು ಆಗುವುದಿಲ್ಲ.

ಮನೆಯಲ್ಲಿ ಯಾರಾದರೂ ಬಿಎ ಇಂಗ್ಲಿಷ್ ಓದುತ್ತಿದ್ದರೆ ಇದನ್ನು ಹೇಳಿ. ಶೇಕ್ಸ್‌ಪಿಯರನ ರೋಮಿಯೋ ಜೂಲಿಯೆಟ್ ನಾಟಕದ ಕೊನೆಯ ಅಂಕದಲ್ಲಿ ಪಾದ್ರಿ, ತಲುಪದೆ ಹೋದ ಕಾಗದ ನೈಸ್ ಆಗಿರಲಿಲ್ಲ ಎನ್ನುತ್ತಾನೆ. ಕಾಗದ ಚೆಂದ ಇರಲಿಲ್ಲ ಅಂತಲ್ಲ. ಅದು ಕ್ಷುಲ್ಲಕ ಕಾಗದ ಅಲ್ಲ, ಜೀವದ ಪ್ರಶ್ನೆ ಅಂತ. ಇಂದಿನ ಅರ್ಥ ಇಟ್ಟುಕೊಂಡು ಓದಿದರೆ ಸಾಲು ಪೂರ್ತಿ ತಪ್ಪುತ್ತದೆ. 1817ರ ಕೊನೆಗೆ ಹೊರಬಂದ ಜೇನ್ ಆಸ್ಟಿನಳ ನಾರ್ಥ್ಯಾಂಗರ್ ಅಬಿ ಕಾದಂಬರಿಯ ಹೊತ್ತಿಗೆ ಎಲ್ಲದಕ್ಕೂ ನೈಸ್ ಅನ್ನುವುದು ಎಷ್ಟು ಹಬ್ಬಿತ್ತು ಎಂದರೆ, ಅಲ್ಲಿ ಹೆನ್ರಿ ಎಂಬಾತ ಕ್ಯಾಥರೀನಳನ್ನು ಅದೇ ವಿಷಯಕ್ಕೆ ಕಿಚಾಯಿಸುತ್ತಾನೆ. ಹವೆಯೂ ನೈಸ್, ನಡಿಗೆಯೂ ನೈಸ್, ನೀವಿಬ್ಬರೂ ನೈಸ್, ಈ ಪದ ಯಾವುದಕ್ಕೂ ಆಗುತ್ತದೆ ಅಂತ. ನನ್ನ ಭಾನುವಾರದ ಹುಡುಗರ ಕತೆ 200 ವರ್ಷ ಹಿಂದೆ ಇಂಗ್ಲೆಂಡಿನಲ್ಲೂ ಇತ್ತು!

ದಡ್ಡ ಅನ್ನುವ ಪದ ಚೆಂದ ಅನ್ನುವಲ್ಲಿಗೆ ಬಂದದ್ದು ವಿಚಿತ್ರ ಅನ್ನಿಸಿತಾ? ನಮ್ಮ "ಮುಗ್ಧ" ನೋಡಿ. ಸಂಸ್ಕೃತದಲ್ಲಿ ಅದು "ಮುಹ್" ಧಾತುವಿನಿಂದ ಬಂದದ್ದು. ದಿಕ್ಕು ತೋಚದವನು, ತಿಳಿಯದವನು, ಪೆದ್ದ ಅಂತ ಅರ್ಥವಿತ್ತು. ಅಲ್ಲಿಂದ ಏನೂ ಅರಿಯದ, ಕಪಟವಿಲ್ಲದ, ನೋಡಲು ಮುದ್ದಾದ ಅಂತೆಲ್ಲ ಆಯಿತು. ಈಗ ಮುಗ್ಧ ನಗು ಅಂದರೆ ಯಾರೂ ಪೆದ್ದು ನಗು ಅಂದುಕೊಳ್ಳುವುದಿಲ್ಲ. ಇಲ್ಲಿ ಮುಂಬಯಿಯಲ್ಲಿ ದಿನಾ ಕೇಳುವ "ಮಸ್ತ್" ಪಾರಸಿ ಪದ. ಅಮಲೇರಿದವನು ಅಂತ ಅದರ ಅರ್ಥ. ಈಗ ವಡಾಪಾವ್ ಮಸ್ತ್, ಮಳೆ ಮಸ್ತ್. ನಮ್ಮ ಕುಂದಾಪುರ, ಮಂಗಳೂರು ಕಡೆಯವರ "ಲಾಯ್ಕ್" ಇದೆಯಲ್ಲ, ಅದು ಯೋಗ್ಯ ಅನ್ನುವ ಅರ್ಥದ ಲಾಯಕ್. ಹಳೆ ಅರ್ಥ ನಾಲಾಯಕ್ ಅನ್ನುವ ಬೈಗುಳದಲ್ಲಿ ಹಾಗೇ ಉಳಿದಿದೆ. ಮಾಟುಂಗಾದ ಯಾವುದಾದರೂ ಉಡುಪಿ ಹೋಟೆಲಿನಲ್ಲಿ ಅರ್ಧ ಗಂಟೆ ಕೂತರೆ ಸಾಕು. ಛಾನ್, ಮಸ್ತ್, ಲಾಯ್ಕ್, ಎಡ್ಡೆ, ನೈಸ್ ಎಲ್ಲ ಒಂದೇ ದೋಸೆಯ ಮೇಲೆ ಬೀಳುತ್ತವೆ. ಉತ್ತರ ಕರ್ನಾಟಕದವರು ಪಕ್ಕದಲ್ಲಿದ್ದರೆ "ಚಲೋ ಐತಿ" ಕೂಡ ಸೇರುತ್ತದೆ, ಆಗ ಹಿಂದಿಯವರು ಎಲ್ಲಿಗೆ ಹೊರಟರು ಅಂತ ತಿರುಗಿ ನೋಡುತ್ತಾರೆ.

ಮೂರನೆಯದು, ಪಕ್ಕದಲ್ಲಿ ಯಾರು ಕೂತಿದ್ದಾರೆ ನೋಡಿ

ನೈಸ್ ಒಂಟಿಯಾಗಿದ್ದಾಗ ಅದರ ಅರ್ಥ ತೆಳು. ಪಕ್ಕದ ಪದ ಬಂದಾಗ ಗಟ್ಟಿಯಾಗುತ್ತದೆ. ಮನುಷ್ಯರ ಪಕ್ಕ ಬಂದರೆ ಒಳ್ಳೆ ಸ್ವಭಾವ: ಶೀ ಈಸ್ ನೈಸ್ ಅಂದರೆ ಒಳ್ಳೆಯವಳು. ರೂಪ ಹೊಗಳಬೇಕಾದರೆ ನೈಸ್ ಲುಕಿಂಗ್ ಅಂತ ಬಿಡಿಸಿ ಹೇಳಬೇಕು. ಹವೆ, ಊಟ, ಮನೆ, ಊರು ಇವುಗಳ ಪಕ್ಕ ಹಿತ, ಚೆಂದ.

ಡಿಸ್ಟಿಂಕ್ಷನ್, ಪಾಯಿಂಟ್ ಇಂಥ ಪದಗಳ ಪಕ್ಕ ಬಂದರೆ ಎಚ್ಚರ. ಎ ನೈಸ್ ಡಿಸ್ಟಿಂಕ್ಷನ್ ಅಂದರೆ ತುಂಬ ಸೂಕ್ಷ್ಮವಾದ ವ್ಯತ್ಯಾಸ. ಹಳೆಯ ಅರ್ಥ ಇಲ್ಲಿ ಇನ್ನೂ ಬದುಕಿದೆ. ಕಾನೂನು ಕಾಗದ ಓದುವವರಿಗೆ, ಬ್ಯಾಂಕಿನಲ್ಲಿ ಕೆಲಸ ಮಾಡುವವರಿಗೆ ಇದು ಆಗಾಗ ಎದುರಾಗುತ್ತದೆ. ನೈಸಿಟೀಸ್ ಅನ್ನುವ ಪದದಲ್ಲೂ ಅದೇ ಸೂಕ್ಷ್ಮ. ಹಾಗೆಯೇ ಎ ನೈಸ್ ಮೆಸ್ ಅಂದರೆ ಚೆಂದದ ಗಲೀಜು ಅಲ್ಲ, ದೊಡ್ಡ ಫಜೀತಿ. ನಾವೂ "ಒಳ್ಳೆ ಕೆಲಸ ಆಯ್ತು" ಅಂತ ಸಿಟ್ಟಿನಲ್ಲಿ ಹೇಳುತ್ತೇವಲ್ಲ, ಅದೇ ದನಿ.

ಹಲವು ವಿಶೇಷಣ ಒಟ್ಟಿಗೆ ಬಂದರೆ ನೈಸ್ ಮುಂದೆ. ಎ ನೈಸ್ ಬಿಗ್ ಹೌಸ್ ಸರಿ, ಎ ಬಿಗ್ ನೈಸ್ ಹೌಸ್ ಕಿವಿಗೆ ಒಡ್ಡು. ಇದು ಕಷ್ಟವಲ್ಲ, ಕನ್ನಡದಲ್ಲೂ ನಾವು ಒಳ್ಳೆ ದೊಡ್ಡ ಮನೆ ಎನ್ನುತ್ತೇವೆ, ದೊಡ್ಡ ಒಳ್ಳೆ ಮನೆ ಎನ್ನುವುದಿಲ್ಲ.

ನಾಲ್ಕನೆಯದು, ಹಿಂದೆ ಬರುವ ಪುಟ್ಟ ಪದಗಳು

ಹೆಚ್ಚಿನವರು ಎಡವುವುದು ಇಲ್ಲೇ. ಯಾರಾದರೂ ನಿಮಗಾಗಿ ಏನಾದರೂ ಮಾಡಿದರೆ ಆಫ್: ಇಟ್ ವಾಸ್ ನೈಸ್ ಆಫ್ ಯೂ ಟು ಕಮ್, ನೀವು ಬಂದದ್ದು ದೊಡ್ಡ ಮನಸ್ಸು. ಯಾರಾದರೂ ನಿಮ್ಮ ಜೊತೆ ಚೆನ್ನಾಗಿ ನಡೆದುಕೊಂಡರೆ ಟು: ದೇ ವರ್ ನೈಸ್ ಟು ಮೀ. ನೀವು ತಪ್ಪು ಮಾಡಿದಾಗಲೂ ಅವರು ಸಿಟ್ಟಾಗದೆ ಸಮಾಧಾನದಿಂದ ಇದ್ದರೆ ಅಬೌಟ್: ಹಿ ವಾಸ್ ನೈಸ್ ಅಬೌಟ್ ಇಟ್. ಈ ಕೊನೆಯದು ನನಗೆ ಬಹಳ ಇಷ್ಟ. ಒಂದೇ ಪುಟ್ಟ ಪದದಲ್ಲಿ ತಪ್ಪೂ ಇದೆ, ಕ್ಷಮೆಯೂ ಇದೆ. ಹೌ ನೈಸ್ ಫಾರ್ ಯೂ ಮಾತ್ರ ಹುಷಾರಾಗಿ ಹೇಳಿ. ದನಿ ಸ್ವಲ್ಪ ತಪ್ಪಿದರೂ ನಿನಗೇನಪ್ಪಾ ಅಂತ ಹೊಟ್ಟೆಕಿಚ್ಚಿನ ಹಾಗೆ ಕೇಳಿಸುತ್ತದೆ.

ಮೊದಲ ಭೇಟಿಗೆ ನೈಸ್ ಟು ಮೀಟ್ ಯೂ. ಗೊತ್ತಿರುವವರು ಮತ್ತೆ ಸಿಕ್ಕರೆ ನೈಸ್ ಟು ಸೀ ಯೂ. ಹೊಸಬರನ್ನು ಬೀಳ್ಕೊಡುವಾಗ ನೈಸ್ ಮೀಟಿಂಗ್ ಯೂ. ಒಂದೇ ಆಫೀಸಿನ ಒಂದೇ ಮಹಡಿಯವರಿಗೆ ಪ್ರತಿ ಸೋಮವಾರ ನೈಸ್ ಟು ಮೀಟ್ ಯೂ ಎಂದರೆ, ನನ್ನ ಮುಖ ಇವನಿಗೆ ನೆನಪೇ ಇಲ್ಲ ಅಂದುಕೊಳ್ಳುತ್ತಾರೆ.

ನೈಸ್ ಅಂಡ್ ಅನ್ನುವುದಕ್ಕೆ ಕನ್ನಡದಲ್ಲಿ ತುಂಬ ಚೆಂದದ ಜೋಡಿ ಇದೆ. ನೈಸ್ ಅಂಡ್ ಹಾಟ್ ಅಂದರೆ ಬಿಸಿಬಿಸಿ. ನೈಸ್ ಅಂಡ್ ವಾರ್ಮ್ ಅಂದರೆ ಬೆಚ್ಚಬೆಚ್ಚಗೆ. ನಾವು ಪದವನ್ನು ಎರಡು ಸಲ ಹೇಳಿ ತರುವ ಸುಖವನ್ನು ಅವರು ನೈಸ್ ಅಂಡ್ ಸೇರಿಸಿ ತರುತ್ತಾರೆ. ಜುಲೈ ಮಳೆಯಲ್ಲಿ ನೆನೆದು ಕಿಂಗ್ಸ್ ಸರ್ಕಲ್‌ನಲ್ಲಿ ಇಳಿದು ಒಂದು ಫಿಲ್ಟರ್ ಕಾಫಿ ಕುಡಿಯಿರಿ, ನೈಸ್ ಅಂಡ್ ಹಾಟ್ ಅಂದರೇನು ಅಂತ ತಿಳಿಯುತ್ತದೆ.

ಬರೆಯುವಾಗ

ನೈಸ್ ಬರೆಯಲು ಎನ್, ಐ, ಸಿ, ಇ. ಅಣ್ಣನ ಮಗಳು, ಅಕ್ಕನ ಮಗಳಿಗೆ ಇಂಗ್ಲಿಷಿನಲ್ಲಿ ನೀಸ್, ಅದಕ್ಕೆ ಎನ್, ಐ, ಇ, ಸಿ, ಇ. ನಡುವಿನ ಒಂದು ಇ ಬಿಟ್ಟುಹೋದರೆ "ನನ್ನ ಅಕ್ಕನ ಮಗಳು ಉಡುಪಿಯಿಂದ ಬಂದಿದ್ದಾಳೆ" ಅನ್ನುವುದು "ನನ್ನ ಚೆಂದ ಉಡುಪಿಯಿಂದ ಬಂದಿದೆ" ಅಂತಾಗುತ್ತದೆ. ಮದುವೆ ಕಾರ್ಡಿನಲ್ಲೂ ಈ ತಪ್ಪು ನೋಡಿದ್ದೇನೆ. ಫ್ರಾನ್ಸಿನ ಒಂದು ಊರಿಗೆ ನೈಸ್ ಪದದ ಅಕ್ಷರಗಳೇ, ಆದರೆ ಉಚ್ಚಾರ ನೀಸ್; ಅದು ನಿಕಾಯಾ ಅನ್ನುವ ಗ್ರೀಕ್ ಹೆಸರಿನಿಂದ ಬಂದದ್ದು, ಪದವೇ ಬೇರೆ. ಹೋಲಿಸುವಾಗ ನೈಸರ್, ನೈಸೆಸ್ಟ್ ಅನ್ನಿ, ಮೋರ್ ನೈಸ್ ಬೇಡ. ಕೊನೆಯ ಸದ್ದು ಸ್, ಜ್ ಅಲ್ಲ.

ಕೊನೆಯದು, ಎಲ್ಲಿ ಬಿಡಬೇಕು

ಮಾತಿನಲ್ಲಿ ನೈಸ್ ಧಾರಾಳವಾಗಿ ಬರಲಿ. ಕೆಲಸದ ಅರ್ಜಿ, ಯಾರಿಗೋ ಶಿಫಾರಸು ಪತ್ರ, ಬೀಳ್ಕೊಡುಗೆಯ ನಾಲ್ಕು ಮಾತು, ಸಾವಿನ ಮನೆಗೆ ಬರೆಯುವ ಸಾಲು, ಇಲ್ಲೆಲ್ಲ ಅದು ಸಾಲದು. ಶಿಫಾರಸಿನಲ್ಲಿ ಹಿ ಈಸ್ ನೈಸ್ ಅಂತ ಬರೆದರೆ ಓದುವವರು ಬೇರೆ ಹೇಳಲು ಏನೂ ಇರಲಿಲ್ಲವೇನೋ ಅಂದುಕೊಳ್ಳುತ್ತಾರೆ. ನಾನು ಹೇಳಿಕೊಡುವ ರೀತಿ ಇಷ್ಟು: ಮೊದಲು ಸುಮ್ನೆ ನೈಸ್ ಅಂತಲೇ ಬರೆಯಿರಿ. ಆಮೇಲೆ "ಅವರು ಏನು ಮಾಡಿದರು?" ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಉತ್ತರ ಮನಸ್ಸಿನಲ್ಲಿ ಕನ್ನಡದಲ್ಲೇ ಬರಲಿ. ಆ ಉತ್ತರವನ್ನು ನೈಸ್ ಇದ್ದ ಜಾಗದಲ್ಲಿ ಇಡಿ.

ಹೋದ ವರ್ಷ ನಮ್ಮ ಕಟ್ಟಡದ ಹಿರಿಯರೊಬ್ಬರು ಒಂದು ಹಾಳೆ ಹಿಡಿದು ಬಂದರು. ಅವರು 14ನೇ ವಯಸ್ಸಿಗೆ ಕಾರ್ಕಳದ ಕಡೆಯಿಂದ ಬಂದು ಫೋರ್ಟಿನ ಹೋಟೆಲೊಂದರಲ್ಲಿ ಟೇಬಲ್ ಒರೆಸುತ್ತಿದ್ದವರು. ಹೋಟೆಲ್ ಹುಡುಗರು ಹಗಲು ದುಡಿದು ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋಗುತ್ತಿದ್ದ ಕಾಲ ಅದು, ಇವರು ಓದಿದ್ದೂ ಹಾಗೇ. ಆ ಹೋಟೆಲಿನ ಯಜಮಾನರು ತೀರಿಕೊಂಡಿದ್ದರು. ಅವರ ಮೊಮ್ಮಕ್ಕಳು ಪರದೇಶದಲ್ಲಿರುವವರು, ಕನ್ನಡ ಬರುವುದಿಲ್ಲ. ಅವರಿಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯಬೇಕು. ಹಾಳೆಯಲ್ಲಿ ಮೂರು ಸಾಲಿತ್ತು, ಮೂರರಲ್ಲೂ ನೈಸ್ ಮ್ಯಾನ್, ವೆರಿ ನೈಸ್ ಮ್ಯಾನ್.

ಅವರು ಏನು ಮಾಡುತ್ತಿದ್ದರು ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಸಂಜೆ ಗಿರಾಕಿ ಎಷ್ಟೇ ಇದ್ದರೂ ಶಾಲೆ ಹೊತ್ತಿಗೆ ಹುಡುಗರನ್ನು ಬಿಡುತ್ತಿದ್ದರು. ನಮ್ಮ ಟೇಬಲ್ ಅವರೇ ಒರೆಸುತ್ತಿದ್ದರು. ಮೆಟ್ರಿಕ್‌ನಲ್ಲಿ ನಾನು ಫೇಲಾದೆ. ಆ ರಾತ್ರಿ ಒಂದು ಮಾತೂ ಆಡಲಿಲ್ಲ, ತಟ್ಟೆಗೆ ಇನ್ನೊಂದು ಸೌಟು ಪಾಯಸ ಹಾಕಿದರು, ಮಾರನೇ ದಿನ ಮತ್ತೆ ಫೀಸು ಕಟ್ಟಿದರು."

ಅದನ್ನೇ ಒಂದೊಂದಾಗಿ ಇಂಗ್ಲಿಷಿಗೆ ತಂದೆವು. ಮೂರೂ ನೈಸ್ ಹೋದವು. ಕೊನೆಗೆ ಅವರು ಒಂದನ್ನಾದರೂ ಉಳಿಸಿ ಅಂದರು. ಪಾಯಸದ ಸಾಲಿಗೆ ಮೊದಲು ಒಂದು ಸಾಲು ಸೇರಿಸಿ ಬರೆದೆ: ವೆನ್ ಐ ಫೇಲ್ಡ್, ಹಿ ವಾಸ್ ನೈಸ್ ಅಬೌಟ್ ಇಟ್.